ಸೀಲ್ ಮಾತ್ರ ಬದಲಿಸಿ

ಗ್ಯಾರೇಜಿನ ಮುಂದೆ ಬೈಕು ನಿಲ್ಲಿಸಿದ ಅಳಿಯ ಹೆಲ್ಮೆಟ್ ಕೂಡ ತೆಗೆಯಲಿಲ್ಲ. "ಮುಂದಿನ ಫೋರ್ಕಲ್ಲಿ ಎಣ್ಣೆ ಸೋರ್ತಿದೆ ಮಾವ. ಸೀಲ್ ಮಾತ್ರ ಬದಲಿಸಿ, ಸಂಜೆ ಬರ್ತೀನಿ" ಎಂದವನೇ ಹೊರಟ. ಮಾವನ ಹತ್ತಿರ ಕೆಲಸವೂ ಪುಕ್ಕಟೆ, ಟೀಯೂ ಪುಕ್ಕಟೆ. ಪುಕ್ಕಟೆ ಸಿಗುವ ಕಡೆ ಅಳಿಯನಿಗೆ ಸಂಕೋಚ ಎಂಬುದೇ ಇರಲಿಲ್ಲ.

ಮೆಕ್ಯಾನಿಕ್ ಗೊಣಗಲಿಲ್ಲ. ಮಗಳ ಗಂಡ, ಗೊಣಗಿ ಏನು ಮಾಡುವುದು? ಮುಂದಿನ ಚಕ್ರ ಬಿಚ್ಚಿದ. ಮಡ್‌ಗಾರ್ಡು ಹೊಸದು, ಹೆಡ್‌ಲೈಟೂ ಹೊಸದು. ಈ ಅಳಿಯಂದಿರಿಗೆ ಶೋಕಿಗೇನೂ ಕಡಿಮೆಯಿಲ್ಲ ಎಂದುಕೊಂಡ. ಫೋರ್ಕಿನ ಎರಡು ಪೈಪುಗಳ ನೆತ್ತಿಯ ಮುಚ್ಚಳಗಳನ್ನು ಸಡಿಲಿಸಿದ. ಆಮೇಲೆ ಪೈಪನ್ನು ಬಿಗಿಹಿಡಿದಿರುವ ಕ್ಲ್ಯಾಂಪುಗಳ ಬೋಲ್ಟು ತೆಗೆದ. ಎಡಗಡೆಯ ಪೈಪು ಹೇಳಿದ ಮಾತು ಕೇಳುವ ಮಗುವಿನಂತೆ ಕೆಳಗಿಳಿಯಿತು. ಬಲಗಡೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಇಂಥದ್ದಕ್ಕೆಲ್ಲ ಸುತ್ತಿಗೆ ಎತ್ತುವವನಲ್ಲ ಅವನು. ಕ್ಲ್ಯಾಂಪಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಟೀ ಕುಡಿದು ಬಂದ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಚೂರು ಅಗಲಿಸಿದ. ಪೈಪನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದ. ಅರ್ಧ ಸುತ್ತು ತಿರುಗಿ ಕಚ್ಚಿಕೊಂಡಿತು. ಹಿಂದಕ್ಕೆ ತಿರುಗಿಸಿ ಮತ್ತೆ ತಿರುಚಿದರೆ ಅದೇ ಜಾಗದಲ್ಲಿ ಕಚ್ಚಿತು. ಅವನ ಕೈ ನಿಂತುಬಿಟ್ಟಿತು. ತುಕ್ಕು ಹಿಡಿದ ಪೈಪು ಸುತ್ತಲೂ ಹಿಡಿಯುತ್ತದೆ. ಒಂದೇ ಕಡೆ ಹಿಡಿಯುವುದು ಬಾಗಿದ ಪೈಪು. ನಿಂತ ಗಾಡಿ ಬಿದ್ದರೆ ಅದು ಬಾಗುವುದಿಲ್ಲ, ಎದುರಿಗೆ ಹೋಗಿ ಗುದ್ದಿದರೆ ಬಾಗುತ್ತದೆ.

ಮಡ್‌ಗಾರ್ಡು ಯಾಕೆ ಹೊಸದು ಎಂದು ಈಗ ಹೊಳೆಯಿತು. ಹೋದ ತಿಂಗಳು ಮಗಳ ಕೈ ಮುರಿದದ್ದೂ ನೆನಪಾಯಿತು. ಬಚ್ಚಲಲ್ಲಿ ಜಾರಿಬಿದ್ದೆ ಅಂದಿದ್ದಳು. ಕಣ್ಣು ನೆತ್ತಿ ಮೇಲೆ ಇಟ್ಟುಕೊಂಡು ನಡೀತೀಯಾ ಎಂದು ಅವಳನ್ನೇ ಬೈದು, ಮಾರನೆಯ ದಿನ ರಬ್ಬರ್ ಮ್ಯಾಟ್ ಕೊಂಡುಹೋಗಿ ಬಚ್ಚಲಲ್ಲಿ ಹಾಸಿ ಬಂದಿದ್ದ. ನೆನೆದರೆ ಮೈಯೆಲ್ಲ ಉರಿಯಿತು.

ಪೈಪು ಹೊರಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅದನ್ನು ಒರೆಸಿ, ಎಷ್ಟು ಬಾಗಿದೆ ನೋಡಲು ಬೆಂಚಿನ ಮೇಲಿದ್ದ ದಪ್ಪ ಗಾಜಿನ ಮೇಲೆ ಉರುಳಿಸುತ್ತಿರುವಾಗಲೇ ಮಗಳು ಏದುಸಿರು ಬಿಡುತ್ತಾ ಬಂದಳು. ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು.

"ಅಪ್ಪ, ಗಾಡಿ ಇಲ್ಲಿಗೆ ತಂದ್ರಂತೆ? ಅದನ್ನ ಬಿಚ್ಬೇಡ, ಬೇರೆ ಗ್ಯಾರೇಜಿಗೆ ಕೊಡ್ತೀ..."

ಮಾತು ಅಲ್ಲಿಗೇ ನಿಂತಿತು. ಗಾಜಿನ ಮೇಲೆ ಪೈಪು ಕುಂಟುತ್ತಾ ಉರುಳುತ್ತಿತ್ತು. ಈ ಗ್ಯಾರೇಜಿನಲ್ಲೇ ಆಡಿ ಬೆಳೆದವಳಿಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

"ಕುಡಿದಿದ್ನಾ?" ಎಂದು ಕೇಳಿದ.

"ಹ್ಞೂಂ."

"ನೀನು ಹಿಂದೆ ಕೂತಿದ್ದೆ."

"ಇಳಿಸಿಬಿಡಿ, ನಡ್ಕೊಂಡು ಹೋಗ್ತೀನಿ ಅಂದೆ. ಇನ್ನೂ ಜೋರಾಗಿ ಓಡಿಸಿದ್ರು. ಗೋಡೆಗೆ ಹೊಡೆದ್ರು."

"ನಂಗ್ಯಾಕೆ ಸುಳ್ಳು ಹೇಳಿದೆ? ನಾನೇನು ಸತ್ತುಹೋಗಿದ್ನಾ?" ಅವನ ದನಿ ಏರಿತು.

ಮಗಳು ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ.

"ಹೋದ ವರ್ಷ ನಿಜ ಹೇಳಿದ್ನಲ್ಲಪ್ಪ. ಬ್ಯಾಗ್ ಹಿಡ್ಕೊಂಡು ಬಂದಿದ್ದೆ, ಇವರ ಜೊತೆ ಆಗಲ್ಲ ಅಂತ. ನೀನೇ ಸ್ಕೂಟರಲ್ಲಿ ಕೂರಿಸ್ಕೊಂಡು ವಾಪಸ್ ಬಿಟ್ಟು ಬಂದೆ. ಆತುರ ಪಡಬೇಡ, ಸರಿಹೋಗ್ತಾನೆ ಅಂತ ದಾರಿ ಉದ್ದಕ್ಕೂ ಹೇಳಿದೆ. ಈ ಸಲ ನಾನು ಹೇಳಿದ್ರೂ ನೀನು ಅದನ್ನೇ ಹೇಳ್ತಿದ್ದೆ. ಬಚ್ಚಲು ಅಂದಿದ್ದಕ್ಕೆ ಒಂದು ಮ್ಯಾಟಾದ್ರೂ ಬಂತು."

ಅವನಿಗೆ ಆ ದಿನ ಚೆನ್ನಾಗಿಯೇ ನೆನಪಿತ್ತು. ಅಕ್ಕಪಕ್ಕದವರು ನೋಡುವುದರೊಳಗೆ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟಿದ್ದ. ಮಗಳನ್ನು ಒಪ್ಪಿಸಿ ಬಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಕೂಡ ಮಾಡಿದ್ದ. ಈಗ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಇನ್ಮೇಲೆ ಹೋಗ್ಬೇಡ" ಎಂದ. "ಇಲ್ಲೇ ಇದ್ಬಿಡು. ಸಂಜೆ ಬರ್ಲಿ ಅವನು, ನಾನೇ ಹೇಳ್ತೀನಿ."

"ಹೇಳ್ತೀಯಾ?"

"ಮುಖದ ಮೇಲೆ ಹೇಳ್ತೀನಿ."

ಮಗಳು ಎದ್ದು ಹೋಗಲಿಲ್ಲ. ಅವನು ಉಣ್ಣಲು ಕರೆದಾಗ ಅವಳೂ ಎರಡು ತುತ್ತು ಉಂಡಳು. ಪೈಪನ್ನು ಒಳಗಿಡದೆ ಬೆಂಚಿನ ಮೇಲೆಯೇ ಬಿಟ್ಟು, ಏನು ಹೇಳಬೇಕೆಂದು ಮನಸ್ಸಿನಲ್ಲೇ ನಾಲ್ಕಾರು ಸಲ ಜೋಡಿಸಿಕೊಂಡ. ಒಂದೊಂದು ಸಲಕ್ಕೂ ಮಾತು ಖಾರವಾಗುತ್ತಾ ಹೋಯಿತು.

ಸಂಜೆ ಅಳಿಯ ಬಂದ. ಹೆಂಡತಿಯನ್ನು ನೋಡಿ, "ಓ, ನೀನೂ ಇಲ್ಲೇ ಇದ್ಯಾ" ಎಂದ. ಬಿಚ್ಚಿಹಾಕಿದ ಬೈಕನ್ನು ನೋಡಿದ ಮೇಲೆ ಅವನ ಮುಖ ಬಿಗಿಯಿತು. "ಸೀಲ್ ಮಾತ್ರ ಅಂದಿದ್ದೆ ಮಾವ. ಇದೇನಿದು?"

ಅಕ್ಕಪಕ್ಕದ ಅಂಗಡಿಯವರು ಇತ್ತ ತಿರುಗಿದರು. ಟೀ ಅಂಗಡಿಯವನಂತೂ ಲೋಟ ತೊಳೆಯುವುದನ್ನು ನಿಲ್ಲಿಸಿ ನಿಂತ. ಮೆಕ್ಯಾನಿಕ್ ಪೈಪನ್ನು ಕೈಗೆತ್ತಿಕೊಂಡ. ಮಗಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು.

"ಪೈಪ್ ಸೊಟ್ಟ ಆಗಿದೆ" ಎಂದ.

"ಹಳೇ ಗಾಡಿ ಅಲ್ವಾ, ಆಗುತ್ತೆ. ಏನೀಗ?" ಅಳಿಯನ ದನಿ ಬೀದಿಗೆಲ್ಲ ಕೇಳಿಸಿತು.

ಜೋಡಿಸಿಟ್ಟ ಮಾತೆಲ್ಲ ಗಂಟಲಿನವರೆಗೆ ಬಂತು. ಟೀ ಅಂಗಡಿಯವನು ಕತ್ತು ಚಾಚಿದ.

"ಏನಿಲ್ಲ ಅಳಿಯಂದಿರೇ. ಹೊಸದು ಹಾಕ್ತೀನಿ. ನಾಡಿದ್ದು ಬನ್ನಿ."

ಮಗಳು ಎದ್ದಳು. ಚಪ್ಪಲಿ ಮೆಟ್ಟಿಕೊಂಡು, ಗಂಡ ಕರೆಯುವುದಕ್ಕೂ ಕಾಯದೆ, ಅವನಿಗಿಂತ ಮುಂದಾಗಿ ಬಸ್ ಸ್ಟಾಪಿನ ಕಡೆ ನಡೆದಳು.