ಕುದಿಸಿದ ನೀರು

ಸಂಘಪಾಲ ಕಸದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಗುತ್ತಿಗೆದಾರನ ಗಾಡಿ. ಬೆಳಿಗ್ಗೆ ಊರ ಓಣಿಗಳನ್ನೆಲ್ಲ ಸುತ್ತಿ, ಟ್ರ್ಯಾಲಿ ತುಂಬಿದ ಮೇಲೆ ಶಹಾಬಾದ್–ವಾಡಿ ರಸ್ತೆಯಿಂದ ಒಳಕ್ಕೆ ತಿರುಗಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ಬಿಟ್ಟುಹೋಗಿದ್ದ ಹಳೆಯ ಖಣಿಯಲ್ಲಿ ಸುರಿದು ಬರುವುದು ಅವನ ಕೆಲಸ. ಖಣಿಯ ದಂಡೆಗೆ ಒಂದು ಸಣ್ಣ ಓಣಿ. ಅದರ ಮೊದಲ ಮನೆ ಅವನ ಅತ್ತೆ ಮಾಣಿಕಮ್ಮನದು.

ಮಾಣಿಕಮ್ಮ ಹರೆಯದಲ್ಲಿ ಅದೇ ಖಣಿಯಲ್ಲಿ ಕಲ್ಲು ಹೊತ್ತವಳು. ಈಗ ಎರಡು ಎಮ್ಮೆ ಕಟ್ಟಿಕೊಂಡಿದ್ದಳು. ಟ್ರ್ಯಾಕ್ಟರಿನ ಸಪ್ಪಳ ಕೇಳಿದರೆ ಸಾಕು, ಒಲೆಯ ಮೇಲೆ ಪಾತ್ರೆ ಇಟ್ಟು ಹೊರಗೆ ಬರುತ್ತಿದ್ದಳು.

"ಅಳಿಯಂದ್ರ, ಚಾ ಕುಡಿದು ಹೋಗ್ರಿ. ಖಣಿ ಎಲ್ಲೂ ಓಡಿ ಹೋಗಂಗಿಲ್ಲ."

ಕಸಕ್ಕೆ ಯಾರೋ ಬೆಂಕಿ ಹಚ್ಚಿದ ದಿನ ಓಣಿಯವರು ಬಾಗಿಲಿಗೆ ಹಸಿ ಸೀರೆ ಇಳಿಬಿಟ್ಟು ಒಳಗೇ ಕೂರುತ್ತಿದ್ದರು. ಮಳೆಗಾಲದಲ್ಲಿ ಓಣಿಯ ಬಾವಿಯ ನೀರು ತುಸು ಹಳದಿಯಾಗುತ್ತಿತ್ತು. ಅದಕ್ಕೂ ಎಲ್ಲರೂ ಒಗ್ಗಿಹೋಗಿದ್ದರು. ಸಂಘಪಾಲನೂ ಚಹಾ ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ಟ್ರ್ಯಾಲಿ ಎಳೆದುಕೊಂಡು ಹೋಗುತ್ತಿದ್ದ.

ಅವನ ಹೆಂಡತಿ ಲುಂಬಿನಿ ಚೊಚ್ಚಲ ಬಾಣಂತನಕ್ಕೆ ತಾಯಿಯ ಮನೆಗೆ ಬಂದಳು. ಹೆಣ್ಣು ಕೂಸು. ಎದೆಹಾಲು ಸಾಲಲಿಲ್ಲ, ಡಬ್ಬಿ ಹಾಲು ಕೊಡತೊಡಗಿದರು. ಮಾಣಿಕಮ್ಮ ಅದನ್ನು ಬೇರೆಯವರ ಕೈಗೆ ಬಿಡಲಿಲ್ಲ. ಬಾವಿಯ ನೀರು ತಂದು ಅರಿವೆಯಲ್ಲಿ ಸೋಸಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಪುಡಿ ಕಲಸಿ ತಾನೇ ಕುಡಿಸುತ್ತಿದ್ದಳು. ಆ ಒಲೆಯ ಮೇಲೆ ಮತ್ತೇನನ್ನೂ ಇಡಲು ಬಿಡುತ್ತಿರಲಿಲ್ಲ.

"ಅವ್ವಾ, ಕೂಸಿನ ತುಟಿ ನೋಡ. ಹೆಂಗೋ ಕಾಣಾಕತ್ಯಾವ," ಎಂದಳು ಲುಂಬಿನಿ ಒಂದು ದಿನ.

"ಥಂಡಿ ಆಗ್ಯಾದ. ಇನ್ನೊಂದು ಅರಿವಿ ಹೊಚ್ಚು."

ಮರುದಿನ ಬೆಳಿಗ್ಗೆ ಕೂಸಿನ ಉಗುರುಗಳೂ ಬೂದಿಗಪ್ಪಾಗಿದ್ದವು. ಅಳು ಬರುತ್ತಿರಲಿಲ್ಲ. ಲುಂಬಿನಿ ಅದನ್ನೆತ್ತಿಕೊಂಡು ರಸ್ತೆಗೆ ಓಡಿಬಂದಾಗ, ಎದುರಿಗೆ ಸಂಘಪಾಲ ತುಂಬಿದ ಟ್ರ್ಯಾಲಿಯೊಂದಿಗೆ ಬರುತ್ತಿದ್ದ. ಅವನು ಕೂಸಿನ ಮುಖ ನೋಡಿದ. ಕೆಳಗೆ ಜಿಗಿದು ಕೊಂಡಿಯ ಗೂಟ ಕಿತ್ತು, ಟ್ರ್ಯಾಲಿಯನ್ನು ರಸ್ತೆಯ ನಡುವೆಯೇ ಬಿಟ್ಟ. ಒಂದು ಕಡೆಯ ಮಡ್‌ಗಾರ್ಡಿನ ಮೇಲೆ ಕೂಸನ್ನೆತ್ತಿಕೊಂಡ ಹೆಂಡತಿ, ಇನ್ನೊಂದು ಕಡೆ ಹಿಂದೆಯೇ ಓಡಿಬಂದ ಅತ್ತೆ. ಬರೀ ಎಂಜಿನ್ ಓಡಿಸಿಕೊಂಡು ಶಹಾಬಾದಿನ ದವಾಖಾನೆ ಮುಟ್ಟಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು.

ಕಲಬುರಗಿಯಲ್ಲಿ ಮಕ್ಕಳ ಡಾಕ್ಟರು ಪ್ರಾಣೇಶ, ಸೇಡಂ ಕಡೆಯವರು. ಕೂಸಿನ ರಕ್ತ ತೆಗೆದು ಬೆಳಕಿಗೆ ಹಿಡಿದರು. ಅದು ಕೆಂಪಗಿರಲಿಲ್ಲ, ಚಹಾದ ಡಿಕಾಕ್ಷನ್ನಿನಂತಿತ್ತು. ನರ್ಸಿಗೆ ಒಂದು ಸೂಜಿಮದ್ದು ತರಲು ಹೇಳಿ ಈ ಕಡೆ ತಿರುಗಿದರು.

"ಡಬ್ಬಿ ಹಾಲು ಯಾವ ನೀರಾಗ ಕಲಸತಿದ್ರಿ?"

"ಬಾವಿ ನೀರಾಗ್ರಿ ಸಾಹೇಬ್ರ," ಎಂದಳು ಮಾಣಿಕಮ್ಮ. "ಹಂಗೇ ಕೊಟ್ಟಿಲ್ರಿ. ಭಾಳ ಹೊತ್ತು ಕುದಿಸಿ ಕೊಟ್ಟೀನಿ."

"ಬಾವಿ ಹತ್ರ ಏನದ?"

ಅವಳು ಅಳಿಯನ ಮುಖ ನೋಡಿದಳು. ಉತ್ತರ ಕೊಟ್ಟವನು ಸಂಘಪಾಲ. "ಕಸ ಅದರಿ. ಊರಿನ ಕಸ."

ಸೂಜಿಮದ್ದು ಕೊಟ್ಟರು. ತಡವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು ತೀರಿಕೊಂಡಿತು.

ಡಾಕ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿ ತಿಳಿಸಿ ಹೇಳಿದರು. ಕೊಳೆತ ಕಸದ ರಸ ಕಲ್ಲಿನ ಸಂದಿಯಲ್ಲಿ ಇಳಿದು ಬಾವಿ ಸೇರಿರಬೇಕು, ನೀರಿನ ಪರೀಕ್ಷೆ ಮಾಡಿಸಬೇಕು. ಅದರಲ್ಲಿರುವ ನೈಟ್ರೇಟ್ ದೊಡ್ಡವರಿಗೆ ಬೇಗ ತೋರುವುದಿಲ್ಲ. ಎಳೆಗೂಸಿನ ರಕ್ತಕ್ಕೆ ಉಸಿರು ಹೊರಲಾಗದಂತೆ ಮಾಡುತ್ತದೆ.

"ಕುದಿಸಿದ್ರೂ ಹೋಗಂಗಿಲ್ಲೇನ್ರಿ?" ಮಾಣಿಕಮ್ಮ ಕೇಳಿದಳು.

ಡಾಕ್ಟರು ಅವಳ ಕಡೆ ತಿರುಗಿದರು. "ಕುದಿಸಿದ್ರ ಹುಳ ಸಾಯ್ತಾವ ತಾಯಿ. ಇದು ಹೋಗಂಗಿಲ್ಲ. ನೀರು ಬತ್ತಿದಂಗೆಲ್ಲಾ ಗಟ್ಟಿ ಆಗತದ. ನಿಮಗ ಗೊತ್ತಿರಲಿಲ್ಲ."

ಮಾಣಿಕಮ್ಮ ತಲೆಯಾಡಿಸಿದಳು. ಕೂಸಿಗೆಂದು ಚೀಲದಲ್ಲಿ ತಂದಿದ್ದ ಬಾಟಲಿಯನ್ನು ತೆಗೆದು, ಬಚ್ಚಲಿಗೆ ಹೋಗಿ ಖಾಲಿ ಮಾಡಿ, ತೊಳೆದು, ಮತ್ತೆ ಚೀಲದಲ್ಲಿಟ್ಟುಕೊಂಡಳು.

ಸಂಜೆ ಓಣಿಯ ಹಿರಿಯರು ಬುದ್ಧನಿಗೆ ಶರಣೆನ್ನುವ ತ್ರಿಶರಣ ಹೇಳಿದರು. ಮಣ್ಣು ಕೊಟ್ಟು ಬಂದರು. ಯಾರೂ ಜೋರಾಗಿ ಅಳಲಿಲ್ಲ. ಲುಂಬಿನಿಯ ಎದೆಯಲ್ಲಿ ಅದುವರೆಗೆ ಸಾಲದಿದ್ದ ಹಾಲು ಆ ದಿನ ಸೋರಿ ಕುಪ್ಪಸ ತೊಯ್ದಿತ್ತು. ಅವಳು ಅದನ್ನು ಬದಲಿಸಲೂ ಇಲ್ಲ.

ಮರುದಿನ ಗುತ್ತಿಗೆದಾರನ ಪರವಾಗಿ ಕೆಲಸ ನೋಡಿಕೊಳ್ಳುವ ಮುಕಾದಮ ಶಂಕರಲಿಂಗ ಫೋನ್ ಮಾಡಿದ. "ಸುದ್ದಿ ಕೇಳಿದೆನೋ ಸಂಘಪಾಲ. ಭಾಳ ಕೆಟ್ಟ ಆತು." ಆಮೇಲೆ ಹೇಳಿದ, "ಆ ಟ್ರ್ಯಾಲಿ ಇನ್ನಾ ರಸ್ತೆದಾಗೇ ನಿಂತದ. ಬಸ್ಸಿನವ್ರು ಬೈಲಿಕತ್ತಾರ. ಬ್ಯಾರೆ ಡ್ರೈವರ್ ಇಲ್ಲಪಾ."

ಸಂಘಪಾಲ ಹೋದ. ನಾಯಿಗಳನ್ನು ಓಡಿಸಿ, ಕೊಂಡಿ ಹಾಕಿ, ಖಣಿಯ ದಂಡೆಗೆ ಒಯ್ದು ಟ್ರ್ಯಾಲಿ ಎತ್ತಿದ. ಕಸ ಜಾರಿ ಕೆಳಗೆ ಬಿತ್ತು. ಅಳು ಬರಬಹುದೆಂದು ಕಾದ. ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದ.

ಲುಂಬಿನಿ ಮಾತು ಬಿಟ್ಟಿದ್ದಳು. ಒಂದು ಮುಂಜಾನೆ ಬಾವಿಯ ಹತ್ತಿರ ಪಕ್ಕದ ಮನೆಯ ಗನಿಸಾಬನ ತುಂಬು ಬಸುರಿ ಸೊಸೆ ನೀರು ಸೇದುವುದು ಕಂಡಿತು. ಲುಂಬಿನಿ ಎದ್ದು ಹೋಗಿ ಅವಳ ಕೈಯಿಂದ ಹಗ್ಗ ತೆಗೆದುಕೊಂಡಳು.

"ಕುಡಿಲಿಕ್ಕೆ ಒಯ್ಯಬ್ಯಾಡ. ಕುದಿಸೂದೂ ಬ್ಯಾಡ."

ಅಂದಿನಿಂದ ಯಾರೇ ಕೊಡ ತಂದರೂ ಅಷ್ಟನ್ನೇ ಹೇಳುತ್ತಿದ್ದಳು, ಅದೇ ದನಿಯಲ್ಲಿ. ನೀರಿನ ಪರೀಕ್ಷೆಯೂ ಡಾಕ್ಟರ ಮಾತನ್ನೇ ಹೇಳಿತು. ಗನಿಸಾಬ ಓಣಿಯವರನ್ನು ಕರೆದುಕೊಂಡು ಹೋಗಿ ನಗರಸಭೆ ಕಚೇರಿಯ ಮುಂದೆ ಧರಣಿ ಕೂತ. ಕೊನೆಗೆ ನೀರಿನ ಟ್ಯಾಂಕರ್ ಬರತೊಡಗಿತು. ಆ ಖಣಿಗೆ ಕಸ ಹಾಕುವುದು ನಿಂತಿತು.

"ವಾಡಿ ಕಡೆ ಇನ್ನೊಂದು ಖಣಿ ಅದ. ಅಲ್ಲಿ ಸುರಿ," ಎಂದ ಶಂಕರಲಿಂಗ.

ಆ ಖಣಿಯ ಹತ್ತಿರವೂ ಒಂದು ಮನೆಯಿತ್ತು. ಅಂಗಳದಲ್ಲಿ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಹೆಚ್ಚಿನವು ಕೂಸಿನ ಬಟ್ಟೆಗಳು. ಸಂಘಪಾಲ ಎಂಜಿನ್ ನಿಲ್ಲಿಸಿ ಕೆಳಗಿಳಿದ.

"ಕುಡಿಯೋ ನೀರು ಎಲ್ಲಿಂದು ಅಕ್ಕಾ?"

"ಇದೇ ಬೋರಿಂದು. ಯಾಕ?"

"ಇಲ್ಲಿ ಕಸ ಬೀಳತೊಡಗಿದ್ರ ಕೂಸಿಗೆ ಆ ನೀರು ಕೊಡಬ್ಯಾಡ್ರಿ. ಕುದಿಸಿದ್ರೂ ಕೊಡಬ್ಯಾಡ್ರಿ."

ಅವಳು ಟ್ರ್ಯಾಲಿ ನೋಡಿದಳು, ಅವನನ್ನು ನೋಡಿದಳು. "ಕಸ ತಂದವರು ನೀವೇ ಅಲ್ಲೇನ್ರಿ?"

"ಹೌದ್ರಿ," ಎಂದ.

ಅವನು ಗಾಡಿ ಹತ್ತಿ, ತುಂಬಿದ ಟ್ರ್ಯಾಲಿಯನ್ನು ಹಾಗೇ ತಿರುಗಿಸಿಕೊಂಡು ಬಂದು ಶಂಕರಲಿಂಗನ ಮುಂದೆ ನಿಲ್ಲಿಸಿ ಕೀಲಿ ಕೊಟ್ಟ. ಶಂಕರಲಿಂಗ ಜಗಳಕ್ಕೆ ನಿಲ್ಲಲಿಲ್ಲ. "ನೀ ಒಯ್ಯಲಿಲ್ಲಂದ್ರ ಹೊಸ ಡ್ರೈವರ್ ಮಶಾಕ ಒಯ್ತಾನ," ಎಂದಷ್ಟೇ ಹೇಳಿದ. ಸಂಜೆಯೊಳಗೆ ಮಶಾಕ ಒಯ್ದು ಸುರಿದು ಬಂದಿದ್ದ.

"ಇವತ್ತ ಲಗೂ ಬಂದ್ರಿ," ಎಂದಳು ಗಂಡನ ಮನೆಗೆ ಮರಳಿದ್ದ ಲುಂಬಿನಿ.

"ಕೀಲಿ ಕೊಟ್ಟು ಬಂದೆ."

ಅವಳು ಅವನನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಎರಡು ತಾಟು ಹಾಕಿದಳು. ಕೂಸು ಹೋದ ಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ಕೂತು ಉಂಡರು.