ಎರಡು ಮೈಕಿನ ಮಾಡೆಲ್

ಅಕ್ಕನ ಆಪರೇಷನ್ನಿಗೆ ಹನ್ನೊಂದು ದಿನ ಉಳಿದಿತ್ತು. ಟ್ಯಾಬ್ಲೆಟ್ ಮೇಲಿನ ರಿಯಾಯಿತಿ ಮುಗಿಯಲು ಏಳು ದಿನ. ಅದರ ಹೊಸ ಮಾಡೆಲ್ ಬರಲು ಎಂಟು. ಹಲ್ಲಿನ ಸಂದಿಗೆ ಸಿಕ್ಕಿದ ನಾರನ್ನು ನಾಲಗೆ ತಡವುತ್ತದಲ್ಲ, ಹಾಗೆ ಅವಳ ತಮ್ಮ ದಿನವಿಡೀ ಈ ಮೂರು ಅಂಕಿಗಳನ್ನು ತಡವುತ್ತಿದ್ದ.

ಅಕ್ಕ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಹದಿನಾಲ್ಕು ವರ್ಷದಿಂದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳುತ್ತಿದ್ದವಳು. ಈಗ ಅವಳ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ನೂರೈವತ್ತು ವಾಕ್ಯಗಳ ಪಟ್ಟಿಯೊಂದನ್ನು ಕೊಟ್ಟರು. ನೀರು ಬೇಕು. ನೋವಾಗ್ತಿದೆ. ಫ್ಯಾನ್ ಹಾಕು. ನಾನೇ ಮಾಡ್ಕೋತೀನಿ. ಒಂದು ಟ್ಯಾಬ್ಲೆಟ್ ತಗೊಂಡು ಇವನ್ನೆಲ್ಲ ಈಗಲೇ ನಿಮ್ಮ ದನಿಯಲ್ಲಿ ತುಂಬಿಸಿಡಿ, ಆಮೇಲೆ ಗುಂಡಿ ಒತ್ತಿದರೆ ಅದು ನಿಮ್ಮ ಪರವಾಗಿ ಮಾತಾಡುತ್ತದೆ ಎಂದರು.

ಯಾವ ಟ್ಯಾಬ್ಲೆಟ್ ಎಂದು ಮೇಡಂ ಹೇಳಲಿಲ್ಲ. ಆರಿಸುವ ಹೊಣೆ ತಮ್ಮನ ತಲೆಗೆ ಬಂತು. ಅವನು ಎಲೆಕ್ಟ್ರಾನಿಕ್ಸ್ ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವವನು. ಗೋದಾಮಿನವರು ರಿಯಾಯಿತಿಯ ಮಾಲು ಮುಟ್ಟುವುದಿಲ್ಲ. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ತಯಾರಾದ ತಿಂಗಳು ಓದುತ್ತಾರೆ, ಎಷ್ಟು ಕಾಲ ಮೂಲೆಯಲ್ಲಿ ಮಲಗಿತ್ತೆಂದು ನೋಡಿ ಕೊಂಡವನನ್ನು ನೆನೆದು ನಗುತ್ತಾರೆ. ಈ ಟ್ಯಾಬ್ಲೆಟ್ ಹತ್ತೊಂಬತ್ತು ತಿಂಗಳು ಮಲಗಿತ್ತು. ಸಾಲದ್ದಕ್ಕೆ ಅದಕ್ಕೆ ಒಂದೇ ಮೈಕು. ಬರಲಿರುವುದಕ್ಕೆ ಎರಡು. ಒಂದು ದನಿ ಹಿಡಿಯುತ್ತದೆ, ಇನ್ನೊಂದು ಸುತ್ತಲಿನ ಗದ್ದಲ ಅಳಿಸುತ್ತದೆ.

ಎರಡು ಮೈಕಿನದೇ ವಾಸಿ ಎಂದು ತಮ್ಮ ಹೇಳಿದ್ದಕ್ಕೆ ಅಕ್ಕ ತಕ್ಷಣ ಒಪ್ಪಿದಳು. ಕೆಟ್ಟ ಮೈಕು ಎಂದರೆ ಅವಳಿಗೆ ಮೈಯೆಲ್ಲ ಉರಿ. ನಿಲ್ದಾಣದ ಮೈಕು ಬದಲಾಯಿಸಿ ಎಂದು ಮೂರು ವರ್ಷ ಅರ್ಜಿ ಬರೆದವಳು.

"ಮಾಡೋದೇ ಒಂದ್ಸಲ ಕಣೋ. ಡಬ್ಬದೊಳಗೆ ಕೂತು ಕೂಗಿದ ಹಾಗಾಗೋದು ಬೇಡ. ಕಾಯೋಣ."

ಅಷ್ಟು ಹೇಳಿ ಬಾಯಿ ಮುಚ್ಚಿದಳು. ದನಿ ಉಳಿಸಬೇಕಂತೆ. ರೆಕಾರ್ಡ್ ಮಾಡುವವರೆಗೆ ಒಂದು ಮಾತನ್ನೂ ದಂಡ ಮಾಡಬಾರದಂತೆ. ರಜೆ ಹಾಕಿ ಮನೆಯಲ್ಲೇ ಕೂತಳು. ಹೇಳಬೇಕಾದ್ದನ್ನು ಬಸ್ಸುಗಳ ಹಳೆಯ ವೇಳಾಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಅವನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ಎಲ್ಲ ಕೆಲಸವನ್ನೂ ನಾಳೆಗೆ ಹಾಕುತ್ತಾನೆಂದು ಅವನಿಗೆ ಅವಳಿಟ್ಟ ಹೆಸರು ನಾಳೆಪ್ಪ. ಈಗ ದಿನಾ ಸಂಜೆ ಚೀಟಿ ಕಾಯುತ್ತಿತ್ತು: ನಾಳೆಪ್ಪಾ, ಲಾರಿ ಎಲ್ಲಿಗೆ ಬಂತು?

ಎರಡು ಕೋಣೆಯ ಆ ಮನೆ ಅಷ್ಟು ನಿಶ್ಶಬ್ದವಾಗಿದ್ದು ಅವನಿಗೆ ನೆನಪಿಲ್ಲ. ಫ್ರಿಡ್ಜ್ ಗುಂಯ್ ಅನ್ನುವುದು, ನಲ್ಲಿ ತೊಟ್ಟಿಕ್ಕುವುದು ಎಲ್ಲ ಕೇಳುತ್ತಿತ್ತು. ಐದನೆಯ ದಿನ ಬಚ್ಚಲಲ್ಲಿ ಅಕ್ಕ ಕೆಮ್ಮಿದ್ದು ಕೇಳಿತು. ಕೆಮ್ಮಿನಲ್ಲಿ ಸದ್ದೇ ಇರಲಿಲ್ಲ, ಬರೀ ಗಾಳಿ. ಏನಾಯಿತೆಂದು ಕೇಳೋಣವೆಂದರೆ ಅವಳು ಉತ್ತರ ಹೇಳಬೇಕಾಗುತ್ತದೆ, ಒಂದು ಮಾತು ಖರ್ಚಾಗುತ್ತದೆ. ಕೇಳಲಿಲ್ಲ.

ಗೋದಾಮಿನಲ್ಲಿ ಗಂಟೆಗೊಮ್ಮೆ ಹೊಸ ಮಾಡೆಲ್ ತರುವ ಲಾರಿಯ ಸ್ಥಿತಿ ನೋಡುತ್ತಿದ್ದ. ಪಕ್ಕದಲ್ಲಿ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುವವನಿಗೆ ಇದೊಂದು ತಮಾಷೆ.

"ಮದುವೇನೂ ಹೊಸ ಮಾಡೆಲ್ ಬರ್ಲಿ ಅಂತಾನೇ ಮುಂದಕ್ಕೆ ಹಾಕ್ತಿದ್ದೀಯೇನೋ?"

ಏಳನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಲಾರಿಯ ಮುಂದಿನ ಅಕ್ಷರ ಕೆಂಪಾಯಿತು. ಹತ್ತು ದಿನ ತಡ.

ಅರ್ಧ ದಿನದ ರಜೆ ಕೇಳದೆಯೇ ಓಡಿದ. ಅಂಗಡಿಯವನು ಒಂದು ಪೆಟ್ಟಿಗೆ ತಂದಿಟ್ಟು, ಇದೇ ಕೊನೆಯದು, ನಿಮ್ಮ ಅದೃಷ್ಟ ಅಂದ. ಇನ್ನೂ ನಲವತ್ತು ಹಿಂದುಗಡೆ ಇವೆ ಎಂದು ತಮ್ಮನಿಗೆ ಗೊತ್ತು, ಅವನೇ ಕಳಿಸಿದ್ದ. ಚೀಟಿ ಓದದೆ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದ.

ಅಕ್ಕ ಕೆಲಸಕ್ಕೆ ಕೂರುವಂತೆ ಕೂತಳು. ಬೆನ್ನು ನೆಟ್ಟಗೆ. ಬಿಸಿನೀರು ಕುಡಿದಳು, ಕಿಟಕಿ ಮುಚ್ಚಿಸಿದಳು, ಫ್ರಿಡ್ಜಿನ ಪ್ಲಗ್ ಕೀಳಿಸಿದಳು. ಪಟ್ಟಿಯನ್ನು ತೊಡೆಯ ಮೇಲಿಟ್ಟು ಬೆರಳಲ್ಲಿ ಮೂರು ಎಣಿಸಿದಳು. ತಮ್ಮ ಗುಂಡಿ ಒತ್ತಿದ.

ಹೊರಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು. ನೀರು ಎಂಬುದರಲ್ಲಿ "ನೀ" ಇತ್ತು, "ರು" ಇರಲಿಲ್ಲ. ಮತ್ತೆ ಹೇಳಿದಳು. ನಾಲ್ಕನೆಯ ಸಲ ಅದೂ ಇರಲಿಲ್ಲ. ತಮ್ಮ ಹಾಕಿ ಕೇಳಿಸಿದ. ಮೈಕಿನ ತಪ್ಪೇನೂ ಇರಲಿಲ್ಲ. ಪಕ್ಕದಲ್ಲಿ ಕೂತ ಅವನ ಉಸಿರನ್ನೂ ಅದು ಸ್ಪಷ್ಟವಾಗಿ ಹಿಡಿದಿತ್ತು.

ಅಕ್ಕ ಪೆನ್ಸಿಲ್ ತೆಗೆದುಕೊಂಡು ಬರೆದಳು: ಅಳಿಸು. ಇದು ನಂದಲ್ಲ.

ಮರುದಿನ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. ಮಾತಾಡಿದರೂ ಆಡದಿದ್ದರೂ ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತದೆ, ಸುಮ್ಮನಿದ್ದರೆ ದನಿ ಉಳಿಯುವ ಕಾಯಿಲೆ ಇದಲ್ಲ ಎಂದು ಮೆಲ್ಲಗೆ ಹೇಳಿದರು.

"ನಿಮ್ಮ ಫೋನಲ್ಲೇ ಹಿಡಿದಿಡಬಹುದಿತ್ತಲ್ಲಪ್ಪಾ. ಆಮೇಲೆ ಯಾವ ಟ್ಯಾಬ್ಲೆಟ್ಟಿಗೆ ಬೇಕಾದ್ರೂ ಹಾಕ್ಕೋಬಹುದಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಗೋಡೆ ನೋಡುತ್ತಿದ್ದಳು. ಹೊಸ ಮಾಡೆಲ್ಲಿನ ಸುದ್ದಿ ತಂದದ್ದು ತಮ್ಮ, ಕಾಯೋಣ ಎಂದದ್ದು ಅವಳು. ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಲು ಇಬ್ಬರಿಗೂ ದಾರಿಯಿರಲಿಲ್ಲ.

ಹಳೆಯ ದನಿ ಬೇರೆಲ್ಲಾದರೂ ಇದೆಯೇ ಎಂದು ಮೇಡಂ ಕೇಳಿದರು. ನಿಲ್ದಾಣದಲ್ಲಿ ಇಲ್ಲ, ಅಲ್ಲಿ ಎಲ್ಲವನ್ನೂ ಆಗಿಂದಾಗಲೇ ಹೇಳುವುದು. ತಮ್ಮ ಫೋನು ತೆಗೆದ. ಅಕ್ಕನಿಗೆ ಟೈಪ್ ಮಾಡುವುದೆಂದರೆ ಬೇಸರ, ಏನಿದ್ದರೂ ಮಾತಿನಲ್ಲೇ ಕಳಿಸುತ್ತಿದ್ದಳು. ಆದರೆ ಅವನು ಪ್ರತಿ ಭಾನುವಾರ ಇಬ್ಬರ ಫೋನನ್ನೂ ಖಾಲಿ ಮಾಡುವವನು. ಸರಕು ಬಿದ್ದಿರಬಾರದು ಎಂಬುದು ಗೋದಾಮಿನ ಚಾಳಿ. ಅವಳ ಫೋನಿನಲ್ಲೂ ಹುಡುಕಿದರು. ಆಸ್ಪತ್ರೆಯ ಓಡಾಟದಲ್ಲಿ ಎರಡು ಭಾನುವಾರ ತಪ್ಪಿದ್ದರಿಂದ ಅವನಲ್ಲಿ ಉಳಿದದ್ದು, ಅವಳಲ್ಲಿದ್ದದ್ದು ಎಲ್ಲ ಸೇರಿ ಒಂಬತ್ತು.

ಒಂಬತ್ತನ್ನೂ ಆ ಕೋಣೆಯಲ್ಲಿ ಹಾಕಿ ಕೇಳಿದರು. ಒಂಬತ್ತೂ ಬೈಗುಳ. ಟವೆಲ್ ಹಾಸಿಗೆ ಮೇಲೆ ಬಿಸಾಕ್ಬೇಡ ಅಂತ ಎಷ್ಟು ಸಲ ಹೇಳ್ಲಿ. ನಿನ್ನ ನಂಬ್ಕೊಂಡು ಕೂತ್ರೆ ಅಷ್ಟೇ. ಬೇಗ ಬಾರೋ ಕತ್ತೆ. ಮೇಡಂ ಕಾಗದ ಜೋಡಿಸುವ ನೆಪದಲ್ಲಿ ಮುಖ ತಿರುಗಿಸಿದರು. ನೂರೈವತ್ತರ ಪಟ್ಟಿಯಲ್ಲಿ ಇದೊಂದೂ ಇರಲಿಲ್ಲ. ಅಕ್ಕ ಪೆನ್ಸಿಲ್ ಹಿಡಿದು ಪಟ್ಟಿಯ ಕೊನೆಯಲ್ಲಿ ಒಂಬತ್ತನ್ನೂ ಬರೆದಳು. ಮೇಲಿನ ನೂರೈವತ್ತನ್ನು ಮಷಿನ್ನಿನ ಹೆಂಗಸಿನ ದನಿಗೆ ಬಿಟ್ಟರು.

ಆಪರೇಷನ್ ಆದ ಏಳನೆಯ ದಿನ ತಮ್ಮ ವಾರ್ಡಿಗೆ ಬಂದಾಗ ಮುಕ್ಕಾಲು ಗಂಟೆ ತಡವಾಗಿತ್ತು. ಅಕ್ಕ ಕತ್ತಿನ ನಳಿಕೆಯ ಮೇಲೆ ಬಟ್ಟೆ ಹಾಕಿಕೊಂಡು ಕೂತಿದ್ದಳು, ತೊಡೆಯ ಮೇಲೆ ಟ್ಯಾಬ್ಲೆಟ್. ಅವನನ್ನು ನೋಡಿ ಬೆರಳಾಡಿಸಿ ಹುಡುಕಿ ಒಂದು ಗುಂಡಿ ಒತ್ತಿದಳು.

"ಎಲ್ಲಿ ಸತ್ತೆ? ಬಾಗಿಲ ಮುಂದೆ ನಿಂತಿದ್ದೀನಿ, ಬೀಗದ ಕೈ ನಿನ್ನ ಹತ್ರಾನೇ ಇದೆ."

ಪಕ್ಕದ ಹಾಸಿಗೆಯ ಹೆಂಗಸು ಬಾಗಿಲ ಕಡೆ ನೋಡಿದಳು. ಅಕ್ಕನ ಮಾತಿನ ಹಿಂದೆ ಯಾವುದೋ ಬಸ್ಸಿನ ಹಾರ್ನ್ ಇತ್ತು. ಎರಡನೆಯ ಮೈಕು ಇದ್ದಿದ್ದರೆ ಅದನ್ನು ಅಳಿಸಿರುತ್ತಿತ್ತು.

"ಲಾರಿ ಬಂದಿತ್ತಕ್ಕ. ಇಳಿಸ್ಕೊಂಡು ಬರೋಷ್ಟರಲ್ಲಿ ತಡ ಆಯ್ತು."

ಹತ್ತು ದಿನ ತಡವಾಗಿದ್ದ ಲಾರಿಯೇ ಅದು ಎಂದು ಅವನು ಹೇಳಲಿಲ್ಲ. ಅಕ್ಕ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.