ದೇಸಾಯರ ಡಿಸೆಂಬರ್

ಆಗಸ್ಟ್ ಬಿಸಿಲಿನಲ್ಲೂ ಭೀಮಸೇನ ದೇಸಾಯರು ಉಣ್ಣೆಯ ಕೋಟು ಬಿಡುತ್ತಿರಲಿಲ್ಲ. ಡಾಲಸ್ ಪಕ್ಕದ ಅಲೆನ್ ಎಂಬ ಊರಿನ ತಮ್ಮ ಮನೆಯಲ್ಲಿ ಎ.ಸಿ.ಯನ್ನು ಹಲ್ಲು ಕಟಕಟಿಸುವಷ್ಟು ತಣ್ಣಗಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೋಫಾದಿಂದ ಫ್ರಿಜ್‌ವರೆಗೆ ಶತಪಥ ಹಾಕುತ್ತ, ರಷ್ಯದ ಕುಲೀನರ ಕಥೆ ಹೇಳುತ್ತಿದ್ದರು. ಒಬ್ಬೊಬ್ಬರ ಹೆಸರನ್ನೂ ಅಪ್ಪನ ಹೆಸರು, ಮನೆತನದ ಹೆಸರಿನ ಸಮೇತ ಉಚ್ಚರಿಸದೆ ಮುಂದೆ ಹೋಗುತ್ತಿರಲಿಲ್ಲ. ಡಾಲಸ್‌ಗೆ ಓದಲು ಬಂದ ನಿಶಿತಾ ಅವರ ಮನೆಯ ಹಬ್ಬದೂಟದ ಆಸೆಗೆ ಹೋಗಿ ಹೋಗಿ, ಆ ಕಥೆಯನ್ನು ಏಳು ಸಲ ಕೇಳಿದ್ದಳು. ೧೮೨೫ರ ಡಿಸೆಂಬರಿನಲ್ಲಿ, ಸ್ವತಃ ಜೀತದಾಳುಗಳ ಒಡೆಯರಾಗಿದ್ದ ತರುಣ ಅಧಿಕಾರಿಗಳೇ ಚಕ್ರವರ್ತಿಯ ವಿರುದ್ಧ ಪೀಟರ್ಸ್‌ಬರ್ಗಿನ ಚೌಕದಲ್ಲಿ ಸೈನಿಕರನ್ನು ತಂದು ನಿಲ್ಲಿಸಿದರು. ಮುಂದಾಳಾಗಬೇಕಿದ್ದ ರಾಜಕುಮಾರ ಮಾತ್ರ ಬರಲಿಲ್ಲ. ಚಳಿಯಲ್ಲಿ ಕಾದು ನಿಂತವರ ಮೇಲೆ ಸಂಜೆ ಫಿರಂಗಿ ಹಾರಿತು.

"ಹೇಡಿ. ಕಡೀಕ ಹೆಂಡ್ತಿ ತಂಗೀ ಮನ್ಯಾಗ ಅಡಗಿದ್ದವ ಸಿಕ್ಕ ನೋಡವಾ," ಎಂದು ದೇಸಾಯರು ಹಲ್ಲು ಕಡಿಯುತ್ತಿದ್ದರು.

ಆ ಸಿಟ್ಟು ಸುಳ್ಳಲ್ಲ. ಹೂಸ್ಟನ್, ಆಸ್ಟಿನ್‌ಗಳಿಗೂ ಹಬ್ಬಿದ್ದ ಅವರ ಕನ್ನಡ ಸಂಘದಲ್ಲಿ ಮತದ ಹಕ್ಕು ಆಜೀವ ಸದಸ್ಯರಾದ ಹನ್ನೆರಡು ಹಳೆಯ ಕುಟುಂಬಗಳಿಗಷ್ಟೇ ಇತ್ತು; ದೇಸಾಯರದೂ ಅವುಗಳಲ್ಲೊಂದು. ಕುರ್ಚಿ ಜೋಡಿಸಿ, ಎಲೆ ಎತ್ತುವ ವಿದ್ಯಾರ್ಥಿಗಳಿಗಿರಲಿಲ್ಲ. ಇದು ಜಮೀನ್ದಾರಿ ಎಂದವರು, ವಿದ್ಯಾರ್ಥಿಗಳಿಗೂ ಮತ ಕೊಡುವ ಠರಾವು ಬರೆದವರು ದೇಸಾಯರೇ. ಅದನ್ನು ಆಜೀವ ಸದಸ್ಯರೊಬ್ಬರು ಮಂಡಿಸಬೇಕೆಂಬ ನಿಯಮವಿತ್ತು.

"ನಾ ಮಂಡಸ್ತೀನಿ. ನೀವು ಬಂದು ನಿಂದರ್ರಿ, ಸಾಕು."

ಡಿಸೆಂಬರಿನ ವಾರ್ಷಿಕ ಸಭೆಗೆ ನಿಶಿತಾ ಮೂರು ಊರುಗಳಿಂದ ನಲವತ್ತು ಜನರನ್ನು ಡಾಲಸ್ ಅಂಚಿನ ಫಾರ್ಮರ್ಸ್ ಬ್ರಾಂಚ್ ಊರಿನ ಸಭಾಂಗಣಕ್ಕೆ ಕರೆತಂದಳು. ಅಧ್ಯಕ್ಷ ವಿನಾಯಕ್, ದೇಸಾಯರ ಹೆಂಡತಿಯ ಅಣ್ಣ, ಗಡಿಯಾರ ನೋಡಿಕೊಂಡು ಕೇಳಿದರು: "ಯಾರು ಮಂಡಸ್ತೀರಿ?" ಗೋಡೆಗೊರಗಿ ನಿಂತ ನಲವತ್ತು ಜನ ಬಾಗಿಲು ನೋಡಿದರು. ದೇಸಾಯರ ಫೋನ್ ಆಫ್ ಆಗಿತ್ತು. ಠರಾವು ಬಿದ್ದುಹೋಯಿತು.

ಊಟದ ಹೊತ್ತಿಗೆ ಅವರು ಬಂದರು.

"ಎಲ್ಲಿದ್ರಿ ಅಂಕಲ್?"

"ಪಾರ್ಕಿಂಗ್‌ನ್ಯಾಗ. ಹತ್ತಕ್ಕ ಬಂದಿದ್ದೆ."

"ಹತ್ತಕ್ಕೆ ಬಂದು ಕಾರಲ್ಲೇ ಕೂತಿದ್ರಾ?"

"ವಿನಾಯಕನ ಎದುರು ಹೆಂಗ ಎದ್ದು ನಿಲ್ಲಲಿ? ಅವನ ತಂಗೀ ಮಾರಿ ನಾ ದಿನಾ ನೋಡಬೇಕಲ್ಲ."

"ಆ ರಾಜಕುಮಾರಂಗೆ ಅಷ್ಟು ಬೈತಿದ್ರಿ."

ದೇಸಾಯರು ತಟ್ಟೆಯ ಚಪಾತಿ ಮುರಿದರು. "ಅವನ ಬಗ್ಗೆ ಇನ್ನೊಂದೀಟು ಓದಬೇಕಾತವಾ."

ಇಂಥವರನ್ನು ಬರೀ ಹೇಡಿಗಳೆಂದು ತಳ್ಳಿಹಾಕಿದರೆ ನಿಶಿತಾಗೆ ನೆಮ್ಮದಿಯಾದರೂ ಸಿಗುತ್ತಿತ್ತು. ಆದರೆ ಅನ್ಯಾಯವನ್ನು ಅನ್ಯಾಯವೆಂದು ಮೊದಲು ಕರೆಯುವ ಓದು, ಬಿಡುವು ಇರುವುದು ಅವರಿಗೇ. ಉಳಿದವರು ಎದ್ದು ನಿಲ್ಲಲು ಕಲಿಯುವುದೂ ಅವರಿಂದಲೇ. ತಮ್ಮ ಇಡೀ ವರ್ಗವನ್ನು ಬಿಟ್ಟುಕೊಡಲು ಅವರು ಸಂತೋಷದಿಂದ ಸಿದ್ಧ. ಆ ವರ್ಗದಲ್ಲಿ ತಮ್ಮನ್ನು ಊಟಕ್ಕೆ ಕರೆಯುವ ಒಬ್ಬನನ್ನು ಮಾತ್ರ ನೋಯಿಸಲಾರರು.